200 ರೂಪಾಯಿಗೆ ಅಲಬಾಮಾದ ಕೋರ್ಟು: ಬಸವನಗುಡಿಯ ಶನಿವಾರದ ತರಗತಿ

ಬಸವನಗುಡಿಯ ಒಂದು ಹಳೇ ಮನೆಯ ಮಹಡಿಯಲ್ಲಿ ಶನಿವಾರ ಸಂಜೆ ಕಾನೂನಿನ ಬಗ್ಗೆ ಕನ್ನಡದಲ್ಲೇ ತರಗತಿ ನಡೆಯುತ್ತದೆ. ಯಾವುದು ಅಂತ ಹೋಗಿ ಬಂದವರಿಗೆ ಗೊತ್ತಾಗುತ್ತೆ. 200 ರೂಪಾಯಿ, ಕಾಫಿ ಸೇರಿ. ಈ ಸಲದ ವಿಷಯ ಅಮೆರಿಕದಲ್ಲಿ ಆರೋಪಿಗಳ ಪರ ವಾದಿಸುವ ವಕೀಲ ಬ್ರಯಾನ್ ಸ್ಟೀವನ್ಸನ್. ಮಾತಾಡಿದವರು ಜೀವನವೆಲ್ಲ ಕ್ರಿಮಿನಲ್ ಕೇಸು ನಡೆಸಿ ನಿವೃತ್ತರಾದ ಒಬ್ಬ ಮೇಡಂ.

ಮಹಾಪುರುಷರ ಕಥೆ ಹೇಳುವ ಧಾಟಿ ಇಲ್ಲ, ಅದೇ ದೊಡ್ಡ ಸಮಾಧಾನ. 1959ರಲ್ಲಿ ಡೆಲವೇರ್‌ನಲ್ಲಿ ಹುಟ್ಟಿದ್ದು, ಹಾರ್ವರ್ಡ್‌ನಲ್ಲಿ ಕಾನೂನು ಓದಿದ್ದು, 1989ರಲ್ಲಿ ಅಲಬಾಮಾ ರಾಜ್ಯದಲ್ಲಿ ಕೈದಿಗಳ ಪರ ಕೇಸು ನಡೆಸುವ ಈಕ್ವಲ್ ಜಸ್ಟಿಸ್ ಇನಿಷಿಯೇಟಿವ್ ಅನ್ನೋ ಸಂಸ್ಥೆ ಶುರು ಮಾಡಿದ್ದು, ಇಷ್ಟನ್ನೂ ಚಕಚಕ ಮುಗಿಸಿ ಸೀದಾ ಒಂದೇ ಕೇಸಿಗೆ ಬಂದರು. ವಾಲ್ಟರ್ ಮೆಕ್‌ಮಿಲಿಯನ್ ಕೇಸು.

1986ರಲ್ಲಿ ಮನ್ರೋವಿಲ್ ಅನ್ನೋ ಸಣ್ಣ ಊರಿನ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಬಿಳಿಯ ಹುಡುಗಿಯೊಬ್ಬಳ ಕೊಲೆ ಆಗುತ್ತದೆ. ಆರೋಪ ಬಂದದ್ದು ಮೆಕ್‌ಮಿಲಿಯನ್ ಅನ್ನೋ ಕಪ್ಪು ಮನುಷ್ಯನ ಮೇಲೆ, ಆದರೆ ಆ ಹೊತ್ತಿಗೆ ಅವನು ತನ್ನ ಮನೆಯಲ್ಲಿದ್ದ. ಅಲ್ಲಿ ಚರ್ಚಿಗೆ ದುಡ್ಡು ಕೂಡಿಸಲು ಮೀನು ಕರಿದು ಮಾರುತ್ತಿದ್ದರು, ಅವನನ್ನು ನೋಡಿದವರು ಎಷ್ಟೋ ಜನ. ಆದರೆ ಅವರು ಹೆಚ್ಚುಕಮ್ಮಿ ಎಲ್ಲ ಕಪ್ಪು ಜನ, ಅವರ ಮಾತಿಗೆ ಕಿಮ್ಮತ್ತಿಲ್ಲ. ವಿಚಾರಣೆಗೆ ಮೊದಲೇ ಅವನನ್ನು ಮರಣದಂಡನೆ ಕೈದಿಗಳ ಜೊತೆ ಹಾಕಿಬಿಟ್ಟಿದ್ದರು! ವಿಚಾರಣೆ ನಡೆದದ್ದು ಒಂದೂವರೆ ದಿನ. ಜೀವಾವಧಿ ಸಾಕು ಅಂತ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸುವ ಸಾಮಾನ್ಯ ಜನ, ಹೇಳಿದರೂ ನ್ಯಾಯಾಧೀಶರು ಅದನ್ನು ಬದಿಗಿಟ್ಟು ಮರಣದಂಡನೆ ಕೊಟ್ಟರು.

ಇಲ್ಲಿಂದ ಮೇಡಂ ಬೋರ್ಡ್ ಮೇಲೆ ಎರಡು ಪಟ್ಟಿ ಬರೆದರು. ಕೋರ್ಟಿನ ಮುಂದೆ ಬಂದದ್ದು ಒಂದು ಕಡೆ, ಪೊಲೀಸರ ಹತ್ತಿರವೇ ಉಳಿದದ್ದು ಇನ್ನೊಂದು ಕಡೆ. ಮುಖ್ಯ ಸಾಕ್ಷಿ, ತನ್ನಿಂದ ಬಲವಂತವಾಗಿ ಸುಳ್ಳು ಹೇಳಿಸುತ್ತಿದ್ದಾರೆ ಅಂತ ಗೊಣಗಿದ ಟೇಪು ಎರಡನೇ ಪಟ್ಟಿಯಲ್ಲಿತ್ತು. ಆ ಟೇಪು ಮೊದಲೇ ಕೈಗೆ ಸಿಕ್ಕಿದ್ದರೆ ಪಾಟೀಸವಾಲು ಹೇಗೆ ಮಾಡಬಹುದಿತ್ತು ಅಂತ ನಮ್ಮನ್ನೇ ಕೇಳಿದರು, ಹಿಂದೆ ಕೂತಿದ್ದ ಕಾನೂನು ಕಾಲೇಜಿನ ಹುಡುಗರು ಮೊಬೈಲ್ ಕೆಳಗಿಟ್ಟರು. 1993ರಲ್ಲಿ ಮೆಕ್‌ಮಿಲಿಯನ್ ಹೊರಗೆ ಬಂದ. ಸ್ಟೀವನ್ಸನ್ ಅವನನ್ನು ಭಾಷಣದಿಂದಲ್ಲ, ಫೈಲು ಅಗೆದು ಅಗೆದು ಬಿಡಿಸಿಕೊಂಡು ಬಂದದ್ದು ಅನ್ನೋದು ಇವತ್ತೇ ಸರಿಯಾಗಿ ತಲೆಗೆ ಹೋಯಿತು.

ಕಾಫಿ ಆದಮೇಲಿನ ಅರ್ಧ ಅಷ್ಟಕ್ಕಷ್ಟೇ. ಹದಿನೆಂಟು ತುಂಬದವರಿಗೆ ಪೆರೋಲ್ ಇಲ್ಲದ ಜೀವಾವಧಿಯನ್ನು ಕಡ್ಡಾಯ ಶಿಕ್ಷೆ ಮಾಡುವ ಹಾಗಿಲ್ಲ ಅಂತ 2012ರಲ್ಲಿ ಸ್ಟೀವನ್ಸನ್ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ವಾದಿಸಿ ಗೆದ್ದರು. ಗುಂಪು ಕಟ್ಟಿಕೊಂಡು ಬಂದವರ ಕೈಯಲ್ಲಿ ಸತ್ತ ಕಪ್ಪು ಜನರ ನೆನಪಿಗೆ 2018ರಲ್ಲಿ ಅಲಬಾಮಾದ ಮಾಂಟ್ಗೊಮರಿಯಲ್ಲಿ ಸ್ಟೀವನ್ಸನ್ ಸಂಸ್ಥೆಯ ಸ್ಮಾರಕ ಶುರುವಾಯಿತು, 4,400ಕ್ಕೂ ಜಾಸ್ತಿ ಸಾವುಗಳ ಲೆಕ್ಕ ಅಲ್ಲಿದೆ. ಇಂಥ ವಿಷಯಗಳ ಸ್ಲೈಡುಗಳು ರಾಜಧಾನಿ ಎಕ್ಸ್‌ಪ್ರೆಸ್ ಥರ ಓಡಿದವು. ಒಬ್ಬ ವಕೀಲ ಕೋರ್ಟು ಬಿಟ್ಟು ಸ್ಮಾರಕ ಯಾಕೆ ಕಟ್ಟಿಸಿದ ಅಂತ ನಿಂತು ಹೇಳಬೇಕಿತ್ತು.

ನನ್ನ ದೊಡ್ಡ ತಕರಾರು ಬೇರೆ. ನಮ್ಮ ಜೈಲುಗಳಲ್ಲಿ ಜಾತಿ ಹೇಗೆ ಅಂತ ಒಬ್ಬರು ಕೇಳಿದರೆ ಆಯೋಜಕರು ಟೈಮ್ ಆಯಿತು ಅಂತ ಮೈಕ್ ತಗೊಂಡರು. ಇದೇನು ದೂರದ ಮಾತಾ? ಜಾತಿ ನೋಡಿ ಕೈದಿಗಳಿಗೆ ಕೆಲಸ ಹಂಚುವ ಜೈಲು ನಿಯಮಗಳನ್ನು ನಮ್ಮ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದೇ 2024ರ ಅಕ್ಟೋಬರ್‌ನಲ್ಲಿ. ಜನಾಂಗವೂ ಜಾತಿಯೂ ಒಂದೇ ಅಂತ ಯಾರೂ ಹೇಳಬೇಕಿಲ್ಲ, ಆದರೆ ಅಮೆರಿಕದ ಕಥೆಗೆ ಎರಡು ಗಂಟೆ ಕೊಟ್ಟು ಇಲ್ಲಿನದ್ದಕ್ಕೆ ಐದು ನಿಮಿಷ ಇಲ್ಲ ಅಂದರೆ ಹೇಗೆ?

ಪುಣ್ಯಕ್ಕೆ ಮೇಡಂ ಮೆಟ್ಟಿಲ ಹತ್ತಿರ ನಿಂತು ಉತ್ತರ ಕೊಟ್ಟರು. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರು, ಹೆಂಗಸರು, ಮಕ್ಕಳು, ಕಸ್ಟಡಿಯಲ್ಲಿರುವವರು, ಇವರಿಗೆಲ್ಲ ಸಂಬಳ ಎಷ್ಟೇ ಇರಲಿ ವಕೀಲರು ಪುಕ್ಕಟೆ. 15100ಕ್ಕೆ ಫೋನ್ ಮಾಡಬಹುದು. ಕೇಳಿದವರು ನಾಲ್ಕೈದು ಜನ ಅಷ್ಟೇ, ಉಳಿದವರು ಆಗಲೇ ಆಟೋ ಬುಕ್ ಮಾಡುತ್ತಿದ್ದರು.

ಐದಕ್ಕೆ ಮೂರೂವರೆ ಕೊಡುತ್ತೇನೆ, ಮೂರು ಪೂರ್ತಿ ಮೇಡಂಗೆ. ಕಾಫಿ ಚೆನ್ನಾಗಿದೆ. ಗಾಡಿ ನಿಲ್ಲಿಸೋಕೆ ಜಾಗ ಇಲ್ಲ, ನ್ಯಾಷನಲ್ ಕಾಲೇಜು ಮೆಟ್ರೋದಿಂದ ನಡೆದು ಹೋಗಿ. ಪ್ರಶ್ನೆ ಇದ್ದರೆ ಕಾಫಿಗೆ ಮೊದಲೇ ಕೇಳಿಬಿಡಿ.