30×40 ಸೈಟಿಗೆ ಯಾವ ಪಾರ್ಕಿಂಗ್? ಪೂರ್ತಿ ಸ್ಟಿಲ್ಟಾ, ಅರ್ಧವಾ?

ಸ್ಟಿಲ್ಟ್ ಅಂದರೆ ಮನೆಯನ್ನು ಕಂಬಗಳ ಮೇಲೆ ಎತ್ತಿ, ಕೆಳಗಿನ ಜಾಗವನ್ನು ಗಾಡಿ ನಿಲ್ಲಿಸೋಕೆ ಬಿಡುವುದು. ತುಮಕೂರಿನಲ್ಲಿ ಮನೆ ಕಟ್ಟಿಸುವವರು ಮೊದಲು ಒಂದು ಅಳತೆ ನೆನಪಿಡಿ. ಒಂದು ಕಾರಿಗೆ 2.5 ಮೀಟರ್ ಅಗಲ, 5.5 ಮೀಟರ್ ಉದ್ದ ಬೇಕು, ಅಂದರೆ ಸುಮಾರು 150 ಚದರಡಿ. ಮುಂದಿನ ಸೆಟ್‌ಬ್ಯಾಕಿನಲ್ಲೇ (ಮನೆ ಮುಂದೆ ಕಟ್ಟದೆ ಬಿಡುವ ಜಾಗ) ನಿಲ್ಲಿಸ್ತೀವಿ ಅಂದರೆ ಕಾರಿನ ಹಿಂಭಾಗ ಗೇಟು ದಾಟಿ ಚರಂಡಿ ಕಲ್ಲಿನ ಮೇಲೆ ಬರುತ್ತದೆ, ಪಕ್ಕದ ಮನೆಯ ಅಜ್ಜಿ ಹಾಲು ತರೋಕೆ ರಸ್ತೆಗೇ ಇಳಿಯಬೇಕು. ಅದು ಬೇಡ.

ಬಾಡಿಗೆಗೆ ಎರಡು ಮೂರು ಮನೆ ಕಟ್ಟುವವರಿಗೆ ಪೂರ್ತಿ ಸ್ಟಿಲ್ಟೇ ಸರಿ. ಆದರೆ ಕೆಳಗೆ ವಾಸಕ್ಕೆ ಜಾಗ ಉಳಿಯಲ್ಲ, ಮೆಟ್ಟಿಲು ಹತ್ತಲೇಬೇಕು.

ಒಂದೇ ಕುಟುಂಬ, ಮಂಡಿನೋವಿನ ಅಪ್ಪ ಅಮ್ಮ ಜೊತೆಗಿದ್ದಾರೆ ಅಲ್ವಾ? ಹಾಗಾದರೆ ಅರ್ಧ ಸ್ಟಿಲ್ಟ್. ಮುಂದೆ ಕಾರು, ಹಿಂದೆ ಅವರಿಗೊಂದು ರೂಮು, ಬಚ್ಚಲು. ನಾನಾದರೆ ಇದನ್ನೇ ಕಟ್ಟಿಸುವೆ. ಪ್ಲಾನಿನಲ್ಲಿ ಪಾರ್ಕಿಂಗ್ ತೋರಿಸಿ ಆಮೇಲೆ ಅಂಗಡಿ ಮಾತ್ರ ಮಾಡಬೇಡಿ.