ಕುಂಬಳೆಯಲ್ಲಿ ನಾವೇ ಕಟ್ಟಿದ ಗಾಳಿ ಸೆನ್ಸರ್: ಹೊಗೆಗೆ ಸೈ, ಹೈವೇ ಧೂಳಿಗೆ ಅಷ್ಟಕ್ಕಷ್ಟೆ

ರಾಷ್ಟ್ರೀಯ ಹೆದ್ದಾರಿ 66ನ್ನು ಆರು ಪಥ ಮಾಡುವ ಕೆಲಸದ ಧೂಳು ತಿಂದು ಸಾಕಾಗಿತ್ತು. ಎಷ್ಟಿದೆ ಅಂತ ಅಳೆದೇ ನೋಡೋಣ ಎಂದು ವಾಚನಾಲಯಕ್ಕೆ ಬರುವ ನಾವೊಂದಷ್ಟು ಜನ ದುಡ್ಡು ಹಾಕಿ ಸೆನ್ಸರ್.ಕಮ್ಯುನಿಟಿ ಮಾದರಿಯ ಸೆನ್ಸರ್ ಕಟ್ಟಿದೆವು. ಇದು 2015ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಶುರುವಾದ ಜಾಲ. ಜನ ಮನೆ ಹೊರಗೆ ತೂಗುಹಾಕಿದ ಸೆನ್ಸರ್‌ಗಳ ಅಂಕೆಯೆಲ್ಲ ಒಂದೇ ಮ್ಯಾಪಿನಲ್ಲಿ ಕಾಣುತ್ತದೆ.

ಸಾಮಾನು ಜಾಸ್ತಿ ಬೇಡ. ಗಾಳಿಯ ಕಣ ಅಳೆಯುವ ಎಸ್‌ಡಿಎಸ್011 ಸೆನ್ಸರ್, ವೈಫೈ ಇರುವ ನೋಡ್‌ಎಂಸಿಯು ಬೋರ್ಡು, ತೇವಾಂಶ ನೋಡುವ ಸಣ್ಣ ಸೆನ್ಸರ್, ಹಳೆಯ ಫೋನ್ ಚಾರ್ಜರ್. ಎಲ್ಲ ಸೇರಿ ನಾಲ್ಕು ಸಾವಿರದೊಳಗೆ ಮುಗಿಯಿತು. ಡಬ್ಬಿಯ ಬದಲು ಎರಡು ಪಿವಿಸಿ ಬೆಂಡು. ಬಾಯಿ ಕೆಳಗೆ ಮಾಡಿ ಸಿಕ್ಕಿಸಿದರೆ ನಮ್ಮೂರ ಮಳೆಗೂ ನೀರು ಒಳಗೆ ಹೋಗುವುದಿಲ್ಲ. ಜೇಡ ಗೂಡು ಕಟ್ಟದ ಹಾಗೆ ಸೊಳ್ಳೆಪರದೆಯ ತುಂಡೊಂದನ್ನು ಕಟ್ಟಿದ್ದೇವೆ. ಒಳಗೆ ಪುಟ್ಟ ಫ್ಯಾನ್ ಗಾಳಿ ಎಳೆಯುತ್ತದೆ. ಕಣಗಳಿಗೆ ಲೇಸರ್ ಬಡಿದು ಚದುರುವ ಬೆಳಕಿನಿಂದ ಅಂಕೆ ಬರುತ್ತದೆ.

ಹೊಗೆ ಹಿಡಿಯುವುದರಲ್ಲಿ ಭಾರೀ ಚುರುಕು. ಬೆಳಿಗ್ಗೆ ಹಂಡೆ ಒಲೆಗೆ ಗೆರಟೆ, ಕೊತ್ತಳಿಗೆ ತುರುಕಿದ ಕೂಡಲೇ ಅಂಕೆ ಏರುತ್ತದೆ. ಪಕ್ಕದ ತೋಟದಲ್ಲಿ ಸುಡುಮಣ್ಣಿಗೆ ಬೆಂಕಿ ಕೊಟ್ಟ ಸಂಜೆಯಂತೂ ಪಿಎಂ 2.5, ಅಂದರೆ 2.5 ಮೈಕ್ರಾನಿನೊಳಗಿನ ಸಣ್ಣ ಕಣಗಳ ಅಂಕೆ, ನೂರು ದಾಟಿತು. ನಮ್ಮ ದೇಶದ ಮಿತಿ ದಿನದ ಸರಾಸರಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಬರೀ 15.

ಆದರೆ ನಾವು ಅಳೆಯಬೇಕೆಂದಿದ್ದು ಹೈವೇಯ ಕೆಂಪು ಧೂಳು ಅಲ್ವಾ? ಟಿಪ್ಪರ್ ಹೋದ ಹೊಡೆತಕ್ಕೆ ಅಂಗಡಿ ಮುಂದಿನ ಬಾಳೆಗೊನೆ ಕೆಂಪಾದರೂ ಪಿಎಂ 10 (10 ಮೈಕ್ರಾನ್ ವರೆಗಿನ ಕಣಗಳ ಅಂಕೆ) ಅಲ್ಲಾಡುವುದು ಒಂಚೂರು. ಈ ಜಾತಿಯ ಅಗ್ಗದ ಸೆನ್ಸರ್‌ಗಳ ಗುಣವೇ ಅದು, ದಪ್ಪ ಕಣ ಅವುಗಳ ಕೈಗೆ ಸರಿಯಾಗಿ ಸಿಗುವುದಿಲ್ಲ. ರಸ್ತೆಗೆ ನೀರು ಹಾಕಿಸಿ ಎಂದು ಕೇಳಲು ಈ ಅಂಕೆ ಹಿಡಿದುಕೊಂಡು ಹೋದರೆ, "ನೋಡಿ, ಏನೂ ಇಲ್ವಲ್ಲ" ಎಂದು ನಮ್ಮನ್ನೇ ವಾಪಸ್ ಕಳಿಸಿಯಾರು!

ಇನ್ನು ಮಳೆಗಾಲ. ತೇವಾಂಶ ಶೇ. 70 ದಾಟಿದರೆ ಈ ಸೆನ್ಸರ್ ಹೇಳಿದ್ದನ್ನು ಪೂರ್ತಿ ನಂಬಬಾರದು. ಕಣಗಳು ನೀರು ಹೀರಿ ಉಬ್ಬುತ್ತವೆ, ಅಂಕೆ ಸುಮ್ನೆ ಏರುತ್ತದೆ. ನಾವು ಅಂಥ ಹೊತ್ತಿನ ಅಂಕೆಗಳನ್ನು ಬಿಟ್ಟೇ ಬಿಡುತ್ತೇವೆ. ಹಾಗೆ ಬಿಡುತ್ತಾ ಹೋದರೆ ಕರಾವಳಿಯವರಿಗೆ ಉಳಿಯುವುದು ಹೆಚ್ಚಾಗಿ ಚಳಿಗಾಲದ ಹಗಲುಗಳೇ.

ಕಸ ಸುಡುವ ಹೊಗೆಯ ಕಾಟ ಇರುವವರು ಧೈರ್ಯವಾಗಿ ಕಟ್ಟಿಕೊಳ್ಳಿ. ಲೇಸರಿನ ಆಯುಷ್ಯ ಸುಮಾರು 8000 ಗಂಟೆ. ಎರಡೂವರೆ ನಿಮಿಷಕ್ಕೊಮ್ಮೆ ಅಳೆದು ನಡುವೆ ವಿಶ್ರಾಂತಿ ಕೊಡುವ ಸೆಟ್ಟಿಂಗ್ ಇದೆ, ಅದನ್ನು ಮಾತ್ರ ಮುಟ್ಟಬೇಡಿ.