ತೊಡೆಗೆ ಕಟ್ಟುವ ಗಾಳಿಪಟ್ಟಿ: ಎಂಟು ತಿಂಗಳ ಬಳಕೆಯ ನಂತರ

ಎಡ ಮಂಡಿಯ ಎಸಿಎಲ್ (ಮಂಡಿಯೊಳಗೆ ಎಲುಬುಗಳನ್ನು ಹಿಡಿದಿಡುವ ರಜ್ಜು) ಶಸ್ತ್ರಚಿಕಿತ್ಸೆಯಾದ ನಾಲ್ಕನೆಯ ವಾರ ಫಿಸಿಯೋಥೆರಪಿಸ್ಟ್ ಟೇಪು ಹಿಡಿದು ಅಳೆದಾಗ, ಎಡತೊಡೆಯ ಸುತ್ತಳತೆ ಬಲತೊಡೆಗಿಂತ ಮೂರೂವರೆ ಸೆಂಟಿಮೀಟರ್ ಇಳಿದಿತ್ತು. ಸೊರಗಿದ ಸ್ನಾಯು ತುಂಬಿಕೊಳ್ಳಲು ಭಾರ ಎತ್ತಬೇಕು, ಆದರೆ ಹೊಸದಾಗಿ ಕೂರಿಸಿದ ರಜ್ಜು ಇನ್ನೂ ಆ ಭಾರವನ್ನು ತಾಳದು. ಈ ಇಕ್ಕಟ್ಟಿಗೆ ಅವರು ಸೂಚಿಸಿದ್ದು ರಕ್ತದ ಹರಿವನ್ನು ತಗ್ಗಿಸಿ ಮಾಡುವ ಬಿಎಫ್‌ಆರ್ ವ್ಯಾಯಾಮ. ಜಪಾನಿನ ಯೋಶಿಯಾಕಿ ಸಾಟೊ ರೂಪಿಸಿದ ‘ಕಾಟ್ಸು’ ಪದ್ಧತಿಯೇ ಇದರ ಮೂಲ.

ನಾನು ಕೊಂಡದ್ದು ಕೈಪಂಪು ಮತ್ತು ಮುಳ್ಳಿನ ಮಾಪಕವಿರುವ ಪಟ್ಟಿ, ನೋಡಲು ಬಿ.ಪಿ. ಪಟ್ಟಿಯ ಅಣ್ಣನಂತಿದೆ. ತೊಡೆಯ ಬುಡಕ್ಕೆ ಸುತ್ತಿ ಗಾಳಿ ತುಂಬಿದರೆ ಕಾಲಿಗೆ ಇಳಿಯುವ ರಕ್ತ ಕಡಿಮೆಯಾಗುತ್ತದೆ, ಮರಳುವ ರಕ್ತಕ್ಕೆ ಬಹುಮಟ್ಟಿಗೆ ತಡೆ ಬೀಳುತ್ತದೆ. ಹೀಗಾಗಿ ಗರಿಷ್ಠ ಸಾಮರ್ಥ್ಯದ ಶೇ. 20ರಿಂದ 30ರಷ್ಟು ಭಾರಕ್ಕೇ ಸ್ನಾಯು ಬೇಗ ದಣಿಯುತ್ತದೆ. ಮೊದಲು 30 ಸಲ, ಆಮೇಲೆ 15ರಂತೆ ಮೂರು ಸುತ್ತು, ನಡುನಡುವೆ 30 ಸೆಕೆಂಡು ಬಿಡುವು. ಎರಡನೆಯ ಸುತ್ತಿಗೇ ತೊಡೆಗೆ ಹಸಿಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿಯುತ್ತದೆ. ಮಂಡಿ ಮಾತ್ರ ನೋಯುವುದಿಲ್ಲ, ನನಗೆ ಬೇಕಾಗಿದ್ದುದೂ ಅದೇ.

ನನ್ನ ಮುಖ್ಯ ತಕರಾರು ಮಾಪಕದ ಬಗ್ಗೆ. ಒತ್ತಡ ಎಲ್ಲರಿಗೂ ಒಂದೇ ಅಲ್ಲ. ರಕ್ತದ ಹರಿವನ್ನು ಶಬ್ದತರಂಗದಿಂದ ಪತ್ತೆಹಚ್ಚುವ ಡಾಪ್ಲರ್ ಉಪಕರಣ ಹಿಡಿದು, ರಕ್ತ ಪೂರ್ತಿ ನಿಲ್ಲುವ ಒತ್ತಡವನ್ನು ಕಂಡುಕೊಂಡು, ಅದರ ಶೇ. 40ರಿಂದ 80ರೊಳಗೆ ನಿಗದಿ ಮಾಡಬೇಕು, ಪಟ್ಟಿಯ ಅಗಲ ಬದಲಾದರೆ ಆ ಅಂಕಿಯೂ ಬದಲಾಗುತ್ತದೆ. ಪೆಟ್ಟಿಗೆಯಲ್ಲಿದ್ದ ಕೈಪಿಡಿಯಾದರೋ ಎಲ್ಲ ತೊಡೆಗಳಿಗೂ ಒಂದೇ ಸಂಖ್ಯೆ ಅಚ್ಚು ಹಾಕಿತ್ತು. ಮೂರನೆಯ ತಿಂಗಳಲ್ಲಿ ಕಾಲ್ಬೆರಳು ಜೋಮು ಹಿಡಿದಾಗ ಕ್ಲಿನಿಕ್ಕಿನ ಉಪಕರಣದೊಂದಿಗೆ ತಾಳೆ ನೋಡಿದೆವು: ಮುಳ್ಳು 130 ತೋರಿಸುವಾಗ ನಿಜವಾದ ಒತ್ತಡ 150 ಇತ್ತು. ನಿಜವಾದ ಒತ್ತಡ ಮುಳ್ಳು ತೋರಿಸಿದ್ದಕ್ಕಿಂತ ಕಡಿಮೆಯಿದ್ದಿದ್ದರೆ ಶ್ರಮ ವ್ಯರ್ಥವಾಗುತ್ತಿತ್ತು, ಅಷ್ಟೇ. ಇದು ಅಪಾಯದ ಕಡೆಗೇ ವಾಲಿತ್ತು. ಐದನೆಯ ತಿಂಗಳಲ್ಲಿ, ಅರ್ಧ ಬಸ್ಕಿಯಲ್ಲಿದ್ದಾಗ, ವೆಲ್ಕ್ರೋ ಪರ್ರನೆ ಬಿಚ್ಚಿಕೊಂಡಿತು. ದರ್ಜಿಯಿಂದ ಹೊಸದನ್ನು ಹೊಲಿಸಿದ್ದೇನೆ, ಅದು ಗಟ್ಟಿಯಾಗಿದೆ.

ಈಗ ತೊಡೆಗಳ ಅಂತರ ಒಂದು ಸೆಂಟಿಮೀಟರಿಗೆ ಇಳಿದಿದೆ. ಬೇರೆ ವ್ಯಾಯಾಮಗಳನ್ನೂ ಮಾಡಿದ್ದರಿಂದ ಪೂರ್ತಿ ಶ್ರೇಯಸ್ಸು ಪಟ್ಟಿಯದೆನ್ನಲಾರೆ. ನಿಜವಾದ ಭಾರ ಎತ್ತಲು ಅನುಮತಿ ಸಿಕ್ಕ ಮೇಲೆ ಅದರ ಬಳಕೆ ವಾರಕ್ಕೊಮ್ಮೆಗೆ ಇಳಿದಿದೆ. ರಕ್ತ ಹೆಪ್ಪುಗಟ್ಟಿದ ಇತಿಹಾಸವಿರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಪದ್ಧತಿಗೆ ಐದಕ್ಕೆ ನಾಲ್ಕು, ಈ ಪಟ್ಟಿಗೆ ಎರಡು.